ಮನೆಯಲ್ಲಿ ಬಟ್ಟೆ ಸಾಬೂನು ತಯಾರಿಕೆ

ಬಟ್ಟೆ ಸಾಬೂನಿನ ಮನೆತಯಾರಿಕೆ ಎಂದರೆ ಎಣ್ಣೆ ಅಥವಾ ಕೊಬ್ಬನ್ನು ಕ್ಷಾರದೊಡನೆ ಬೆರೆಸಿ, ಬಟ್ಟೆ ಒಗೆಯಲು ತಕ್ಕ ಸಾಬೂನನ್ನು ಮನೆಯ ಮಟ್ಟದಲ್ಲಿಯೇ ಸಿದ್ಧಪಡಿಸುವ ಕ್ರಿಯೆ. ರೂಢಿಯಲ್ಲಿ ಈ ಹೆಸರಿನಡಿ ಮೂರು ಬೇರೆಬೇರೆ ಪದಾರ್ಥಗಳು ಸೇರಿಹೋಗಿವೆ. ಎಣ್ಣೆ ಮತ್ತು ಕಾಸ್ಟಿಕ್ ಸೋಡದಿಂದಾಗುವ ನಿಜವಾದ ಸಾಬೂನು ಒಂದು. ಅಂಟುವಾಳಕಾಯಿಯಂತಹ ನೊರೆಗಾಯಿಗಳ ಕಷಾಯ ಎರಡನೆಯದು. ಆಸಿಡ್ ಸ್ಲರಿ ಮತ್ತು ಸೋಡಾ ಬೂದಿಯನ್ನು ಕಲಸಿ ಮಾಡುವ ಮಾರ್ಜಕ ಪುಡಿ ಮೂರನೆಯದು. ಮೂರೂ ಕೊಳೆ ತೆಗೆಯುತ್ತವೆಯಾದರೂ ಅವುಗಳ ರಸಾಯನ, ಅಪಾಯ ಮತ್ತು ನೀರಿನೊಡನೆ ಅವು ವರ್ತಿಸುವ ರೀತಿ ಒಂದೇ ಅಲ್ಲ. ಮನೆಯಲ್ಲಿ ಮಾಡಿದ ಸಾಬೂನು ಚೆನ್ನಾಗಿ ಒಗೆಯುತ್ತದೆಯೋ ಇಲ್ಲವೋ ಎಂಬುದು ಮಾಡಿದವರ ಕೈಗುಣಕ್ಕಿಂತ ಹೆಚ್ಚಾಗಿ ಆ ಮನೆಯ ನಲ್ಲಿಯಲ್ಲಿ ಬರುವ ನೀರನ್ನು ಅವಲಂಬಿಸಿದೆ.

ಹೆಸರು

ಕನ್ನಡದಲ್ಲಿ ಸಾಬೂನು, ಸೋಪು, ಸಬಕಾರ ಎಂಬ ಮೂರು ಪದಗಳೂ ಬಳಕೆಯಲ್ಲಿವೆ. ಅರಬ್ಬಿಯ ‘ಸಾಬೂನ್’, ಪೋರ್ಚುಗೀಸಿನ ‘ಸಬಾಂವ್’, ಇಂಗ್ಲಿಷಿನ ‘ಸೋಪ್’ ಇವು ಒಂದಕ್ಕೊಂದು ನಂಟಿರುವ ಪದಗಳು. ‘ಸಬಕಾರ’ ಎಂಬ ರೂಪ ಉತ್ತರ ಕರ್ನಾಟಕದ ಮಾತಿನಲ್ಲಿ ಹೆಚ್ಚು ಕೇಳಿಬರುತ್ತದೆ. ಬೆಂಗಳೂರು, ಮೈಸೂರು ಕಡೆ ‘ಸೋಪು’ ಎಂಬುದೇ ಮನೆಮಾತು. ಒಗೆದ ಶುಭ್ರ ಬಟ್ಟೆಗೆ ಮಾತ್ರ ‘ಮಡಿ’ ಎಂಬ ಅಚ್ಚಗನ್ನಡ ಪದವಿದ್ದು, ‘ಮಡಿವಾಳ’ ಎಂಬ ವೃತ್ತಿನಾಮ ಅದರಿಂದಲೇ ಬಂದಿದೆ. ವಸ್ತು ಹೊರಗಿನಿಂದ ಬಂದಾಗ ಹೆಸರೂ ಜೊತೆಗೆ ಬರುವುದು ಸಹಜ. ಕನ್ನಡ ನಾಡಿನಲ್ಲಿ ಒಗೆಯುವ ಕಸುಬು ಹಳೆಯದು, ಸಾಬೂನು ಹೊಸದು ಎಂಬುದನ್ನು ಈ ಪದಗಳೇ ಸೂಚಿಸುತ್ತವೆ.

ಹಿನ್ನೆಲೆ

ಯುರೋಪಿನ ಹಳ್ಳಿಮನೆಗಳಲ್ಲಿ ಒಲೆಯ ಬೂದಿಯಿಂದ ಕ್ಷಾರಜಲ ಇಳಿಸಿ, ಪ್ರಾಣಿಗಳ ಕೊಬ್ಬಿನೊಡನೆ ಕುದಿಸಿ ಸಾಬೂನು ಮಾಡುವ ರೂಢಿಯಿತ್ತು. ಸಿರಿಯಾದ ಅಲೆಪ್ಪೊ, ಫ್ರಾನ್ಸಿನ ಮಾರ್ಸೇಲ್ ನಗರಗಳು ಆಲಿವ್ ಎಣ್ಣೆಯ ಸಾಬೂನಿಗೆ ಹೆಸರಾಗಿದ್ದವು. ಕನ್ನಡ ನಾಡಿನಲ್ಲಿ ಅಂತಹ ಮನೆವಾಡಿಕೆ ಸಾಮಾನ್ಯವಾಗಿರಲಿಲ್ಲ. ಇಂದು ಮಾರಾಟಗಾರರು ‘ಅಜ್ಜಿಯ ಕಾಲದ ಸಾಬೂನು’ ಎಂದು ಹೇಳಿಕೊಳ್ಳುವುದುಂಟು. ಅಜ್ಜಿಯ ಕಾಲದಲ್ಲಿ ಇದ್ದದ್ದು ಬಹುಪಾಲು ಅಂಟುವಾಳ, ಸೀಗೆಕಾಯಿ, ಬಚ್ಚಲೊಲೆಯ ಬೂದಿ ಮತ್ತು ಚೌಳು ಮಣ್ಣು.

ಚೌಳು ಅಥವಾ ಸವಳು ಮಣ್ಣು ಎಂಬುದು ಒಣ ಪ್ರದೇಶಗಳಲ್ಲಿ ನೆಲದ ಮೇಲೆ ಬೆಳ್ಳಗೆ ಹೊಮ್ಮುವ ಕ್ಷಾರಯುಕ್ತ ಮಣ್ಣು. ಅದರಲ್ಲಿ ಸೋಡಿಯಂ ಕಾರ್ಬೊನೇಟ್, ಅಂದರೆ ಈಗ ಅಂಗಡಿಯಲ್ಲಿ ಸಿಗುವ ಬಟ್ಟೆ ಸೋಡದ ಮೂಲವಸ್ತು ಇರುತ್ತದೆ. ಅಗಸರು ಬಟ್ಟೆಗಳನ್ನು ಚೌಳು ನೀರಿನಲ್ಲಿ ಅದ್ದಿ, ‘ಉಬ್ಬೆ’ಗೆ ಹಾಕುತ್ತಿದ್ದರು. ಕುದಿಯುವ ನೀರಿನ ಮೇಲೆ ಬಟ್ಟೆಗಳನ್ನು ಪೇರಿಸಿ ಹಬೆಯಲ್ಲಿ ಬೇಯಿಸುವುದೇ ಉಬ್ಬೆ. ಬಟ್ಟೆಗೆ ಅಂಟಿದ ಮೈಯ ಜಿಡ್ಡು ಮತ್ತು ಚೌಳಿನ ಕ್ಷಾರ ಹಬೆಯ ಬಿಸಿಯಲ್ಲಿ ಕೂಡಿದಾಗ ಬಟ್ಟೆಯ ಎಳೆಗಳ ನಡುವೆಯೇ ಅಷ್ಟಿಷ್ಟು ಸಾಬೂನು ಹುಟ್ಟುತ್ತಿತ್ತು. ಕೊಳೆಯನ್ನೇ ಕೊಳೆ ತೆಗೆಯುವ ವಸ್ತುವಾಗಿ ಮಾರ್ಪಡಿಸುವ ಈ ವಿಧಾನ, ರಸಾಯನಶಾಸ್ತ್ರದ ಪಾಠವಿಲ್ಲದೆ ಅನುಭವದಿಂದಲೇ ಮೂಡಿದ್ದು. ಈ ಕಸುಬಿನ ಸಮುದಾಯದಿಂದ ಬಂದ ಮಡಿವಾಳ ಮಾಚಿದೇವ 12ನೆಯ ಶತಮಾನದ ಶರಣರಲ್ಲಿ ಪ್ರಮುಖನು. ಬೆಂಗಳೂರಿನ ಮಲ್ಲೇಶ್ವರದ ದೋಬಿಘಾಟಿನಲ್ಲಿ ಸಾಮೂಹಿಕವಾಗಿ ಒಗೆಯುವ ಪದ್ಧತಿ ಆಧುನಿಕ ಕಾಲದಲ್ಲೂ ಉಳಿದುಬಂದಿದೆ.

ಕಾರ್ಖಾನೆಯ ಸಾಬೂನು ಭಾರತಕ್ಕೆ ಹಡಗಿನಲ್ಲಿ ಬಂದಿತು. ಇಂಗ್ಲೆಂಡಿನ ಲೀವರ್ ಸಂಸ್ಥೆಯ ಸನ್‌ಲೈಟ್ ಸಾಬೂನು 1888ರಲ್ಲಿ ಕಲ್ಕತ್ತ ಬಂದರಿಗೆ ತಲುಪಿತು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ ಮತ್ತು ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಮೊದಲ ಮಹಾಯುದ್ಧದಿಂದಾಗಿ ಗಂಧದ ಮರದ ರಫ್ತು ಕುಸಿದಾಗ, ಗಂಧದೆಣ್ಣೆಯನ್ನು ನಾಡಿನಲ್ಲೇ ತೆಗೆಯುವ ಉದ್ಯಮ 1916ರಲ್ಲಿ ಆರಂಭವಾಯಿತು. ಅದರ ಬೆನ್ನಲ್ಲೇ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ತಲೆಯೆತ್ತಿತು. ಸಾಬೂನು ತಯಾರಿಕೆಯನ್ನು ಕಲಿತುಬರಲು ಇಂಗ್ಲೆಂಡಿಗೆ ಕಳುಹಿಸಲ್ಪಟ್ಟ ಎಸ್. ಜಿ. ಶಾಸ್ತ್ರಿಯವರು ಮೈಸೂರು ಸ್ಯಾಂಡಲ್ ಸಾಬೂನಿನ ಪರಿಮಳವನ್ನು ರೂಪಿಸಿದವರು. ಕಾರ್ಖಾನೆ 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಸ್ಥಳಾಂತರಗೊಂಡಿತು. 1980ರಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವೆಂಬ ಸರ್ಕಾರಿ ಕಂಪನಿಯಾಯಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಾತ್ರ ಟಾಟಾ ಆಯಿಲ್ ಮಿಲ್ಸ್‌ನ 501 ಬಾರ್, ಸನ್‌ಲೈಟ್ ಮುಂತಾದ ಬಿಲ್ಲೆಗಳು ಬಹುಕಾಲ ರಾಜ್ಯವಾಳಿದವು.

ಸ್ವಾತಂತ್ರ್ಯಾನಂತರ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ತಿನ್ನಲು ಬಾರದ ಎಣ್ಣೆಗಳಿಂದ ಸಾಬೂನು ಮಾಡುವುದನ್ನು ಗ್ರಾಮೋದ್ಯೋಗಗಳ ಪಟ್ಟಿಯಲ್ಲಿ ಸೇರಿಸಿಕೊಂಡಿತು. ಬೇವು, ಹೊಂಗೆ, ಹಿಪ್ಪೆ ಬೀಜಗಳು ಹಳ್ಳಿಯಲ್ಲಿ ಉದುರಿ ಹಾಳಾಗುತ್ತಿರುವಾಗ ಅಡುಗೆಯ ಎಣ್ಣೆಯನ್ನು ಸಾಬೂನಿಗೆ ಸುರಿಯುವುದೇಕೆ ಎಂಬುದು ಅದರ ಹಿಂದಿನ ವಿಚಾರ. ಮನೆಯಲ್ಲಿ ಬಟ್ಟೆ ಸಾಬೂನು ಮಾಡಬಯಸುವವರಿಗೆ ಈ ವಿಚಾರ ಇಂದಿಗೂ ಅನ್ವಯಿಸುತ್ತದೆ.

ರಾಸಾಯನಿಕ ತತ್ತ್ವ

ಎಣ್ಣೆಯ ಒಂದು ಅಣುವಿನಲ್ಲಿ ಮೂರು ಮೇದಾಮ್ಲಗಳು ಒಂದು ಗ್ಲಿಸರಿನ್ನಿಗೆ ಕಟ್ಟಿಕೊಂಡಿರುತ್ತವೆ. ಕ್ಷಾರವು ಈ ಕಟ್ಟನ್ನು ಬಿಡಿಸಿ ಮೇದಾಮ್ಲಗಳೊಡನೆ ತಾನು ಸೇರುತ್ತದೆ. ಹೀಗೆ ಉಂಟಾದ ಲವಣವೇ ಸಾಬೂನು. ಬೇರ್ಪಟ್ಟ ಗ್ಲಿಸರಿನ್ ಮನೆಸಾಬೂನಿನಲ್ಲಿ ಹಾಗೆಯೇ ಉಳಿಯುತ್ತದೆ. ಈ ಕ್ರಿಯೆಗೆ ಸಾಬೂನೀಕರಣವೆಂದು ಹೆಸರು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಶೆವ್ರೆಲ್ 19ನೆಯ ಶತಮಾನದ ಆರಂಭದಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದನು. ಸೋಡಿಯಂ ಹೈಡ್ರಾಕ್ಸೈಡ್ (ಕಾಸ್ಟಿಕ್ ಸೋಡ) ಬಳಸಿದರೆ ಗಟ್ಟಿ ಬಿಲ್ಲೆ ದೊರೆಯುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸಿದರೆ ಮೆತ್ತನೆಯ ಅಥವಾ ದ್ರವರೂಪದ ಸಾಬೂನು.

ಸಾಬೂನಿನ ಅಣುವಿಗೆ ಒಂದು ತುದಿ ನೀರಿನ ಕಡೆಗೆ, ಇನ್ನೊಂದು ತುದಿ ಜಿಡ್ಡಿನ ಕಡೆಗೆ. ಜಿಡ್ಡನ್ನು ಸುತ್ತುವರಿದು ನೀರಿನೊಳಗೆ ತೇಲಿಸಿ ಒಯ್ಯುವುದು ಅದರ ಕೆಲಸ. ನೊರೆ ಈ ಕೆಲಸದ ಗುರುತೇ ಹೊರತು ಕೆಲಸವೇ ಅಲ್ಲ.

ಯಾವ ಎಣ್ಣೆಗೆ ಎಷ್ಟು ಕ್ಷಾರ ಬೇಕೆಂಬುದು ಎಣ್ಣೆಯಿಂದ ಎಣ್ಣೆಗೆ ಬದಲಾಗುತ್ತದೆ. ನೂರು ಗ್ರಾಂ ತೆಂಗಿನೆಣ್ಣೆ ಪೂರ್ಣವಾಗಿ ಸಾಬೂನಾಗಲು ಸುಮಾರು 18.3 ಗ್ರಾಂ ಕಾಸ್ಟಿಕ್ ಸೋಡ ಬೇಕು. ಅಷ್ಟೇ ತೂಕದ ಬೇವಿನೆಣ್ಣೆಗೆ ಸುಮಾರು 13.9 ಗ್ರಾಂ, ಕಡಲೆಕಾಯಿ ಎಣ್ಣೆಗೆ 13.6 ಗ್ರಾಂ, ಹೊಂಗೆ ಎಣ್ಣೆಗೆ 13.2 ಗ್ರಾಂ, ಹರಳೆಣ್ಣೆಗೆ 12.8 ಗ್ರಾಂ ಸಾಕು. ತೆಂಗಿನೆಣ್ಣೆಗಾಗಿ ಬರೆದ ಅಳತೆಯಲ್ಲಿ ಹೊಂಗೆ ಎಣ್ಣೆಯನ್ನು ಬಳಸಿದರೆ ಹಾಕಿದ ಕ್ಷಾರದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಿಕ್ಕು, ಕೈಯನ್ನೂ ಬಟ್ಟೆಯನ್ನೂ ಸುಡುವ ಬಿಲ್ಲೆ ತಯಾರಾಗುತ್ತದೆ.

ಎಣ್ಣೆಯ ಆಯ್ಕೆ

ಬಟ್ಟೆ ಸಾಬೂನಿಗೆ ತೆಂಗಿನೆಣ್ಣೆಯೇ ಮೊದಲ ಆಯ್ಕೆ. ಅದರ ಬಿಲ್ಲೆ ಗಟ್ಟಿಯಾಗಿರುತ್ತದೆ, ನೊರೆ ಬೇಗ ಬರುತ್ತದೆ, ಜಿಡ್ಡನ್ನು ಬಲವಾಗಿ ಎಳೆಯುತ್ತದೆ. ಮೈಸಾಬೂನಿಗೆ ದೋಷವಾಗುವ ಈ ಒಣಗಿಸುವ ಗುಣ ಬಟ್ಟೆಗೆ ಗುಣವೇ ಆಗಿದೆ. ಉಪ್ಪುನೀರಿನಲ್ಲೂ ಸ್ವಲ್ಪಮಟ್ಟಿಗೆ ನೊರೆಯುವುದರಿಂದ ಹಿಂದೆ ಹಡಗಿನವರು ತೆಂಗಿನೆಣ್ಣೆಯ ಸಾಬೂನನ್ನೇ ಒಯ್ಯುತ್ತಿದ್ದರು.

ಹೊಂಗೆ ಎಣ್ಣೆ ಕರ್ನಾಟಕದ ಬಯಲು ಸೀಮೆಯಲ್ಲಿ ಸುಲಭವಾಗಿ ಸಿಗುವಂಥದು. ಬೆಂಗಳೂರಿನ ರಸ್ತೆಬದಿಯಲ್ಲೂ ಹೊಂಗೆ ಮರಗಳು ಯಥೇಚ್ಛವಾಗಿವೆ; ಯುಗಾದಿಯ ಹೊತ್ತಿಗೆ ಅವುಗಳ ಹೂವು ನೆಲವನ್ನು ಮುಚ್ಚುತ್ತದೆ. ಎಣ್ಣೆಗೆ ಕಹಿ ಮತ್ತು ಘಾಟು ವಾಸನೆ ಇದ್ದು, ಬಿಲ್ಲೆ ಹಳದಿ-ಕಂದು ಬಣ್ಣ ತಾಳುತ್ತದೆ, ಮೆತ್ತಗಿರುತ್ತದೆ, ಗಟ್ಟಿಯಾಗಲು ನಿಧಾನ. ಆದ್ದರಿಂದ ಅದನ್ನು ಮೂರನೆಯ ಒಂದು ಭಾಗದಷ್ಟಕ್ಕೆ ಮಿತಿಗೊಳಿಸಿ ಉಳಿದದ್ದನ್ನು ತೆಂಗಿನೆಣ್ಣೆಯಿಂದ ತುಂಬುವುದು ಒಳಿತು. ಬಿಳಿ ಪಂಚೆಗೆ ಇದು ತಕ್ಕದ್ದಲ್ಲ. ಒರೆಸುವ ಬಟ್ಟೆ, ಗೋಣಿ, ಕೆಲಸದ ಬಟ್ಟೆಗಳಿಗೆ ತಕ್ಕದ್ದು. ಕರಿದು ಉಳಿದ ಎಣ್ಣೆಯನ್ನೂ ಸೋಸಿ ಬಳಸಬಹುದು. ಹಬ್ಬದ ಮರುದಿನ ಚರಂಡಿಗೆ ಸುರಿದುಹೋಗುವ ಎಣ್ಣೆಗೆ ಇದು ಒಳ್ಳೆಯ ಉಪಯೋಗವಾದರೂ ಸಾಬೂನಿನಲ್ಲಿ ಸಂಡಿಗೆಯ ವಾಸನೆ ಸ್ವಲ್ಪ ಉಳಿದೀತು.

ತಯಾರಿಸುವ ಕ್ರಮ

ತಣ್ಣನೆಯ ವಿಧಾನವೆಂದು ಕರೆಯಲಾಗುವ ಕ್ರಮದಲ್ಲಿ 500 ಗ್ರಾಂ ತೆಂಗಿನೆಣ್ಣೆಗೆ 90 ಗ್ರಾಂ ಕಾಸ್ಟಿಕ್ ಸೋಡ ಮತ್ತು 190 ಮಿಲಿಲೀಟರ್ ನೀರು ಸಾಕು. ಮಿಶ್ರ ಸಾಬೂನಿಗಾದರೆ 350 ಗ್ರಾಂ ತೆಂಗಿನೆಣ್ಣೆ, 150 ಗ್ರಾಂ ಹೊಂಗೆ ಎಣ್ಣೆ, 81 ಗ್ರಾಂ ಕಾಸ್ಟಿಕ್ ಸೋಡ, 180 ಮಿಲಿಲೀಟರ್ ನೀರು. ಈ ಅಳತೆಗಳಲ್ಲಿ ಕ್ಷಾರವನ್ನು ಬೇಕಾದುದಕ್ಕಿಂತ ತುಸು ಕಡಿಮೆಯೇ ಇಡಲಾಗಿದೆ. ಹಾಗಾಗಿ ಕೊಂಚ ಎಣ್ಣೆ ಸಾಬೂನಾಗದೆ ಉಳಿಯುತ್ತದೆ, ಕ್ಷಾರ ಉಳಿಯುವುದಿಲ್ಲ.

ಎಲ್ಲವನ್ನೂ ತೂಗಿಯೇ ತೆಗೆದುಕೊಳ್ಳಬೇಕು. ಎಣ್ಣೆಯನ್ನು ಲೀಟರಿನಲ್ಲಿ ಅಳೆಯುವುದು ಸಾಮಾನ್ಯವಾದ ತಪ್ಪು. ಒಂದು ಲೀಟರ್ ತೆಂಗಿನೆಣ್ಣೆಯ ತೂಕ ಸುಮಾರು 920 ಗ್ರಾಂ ಮಾತ್ರ. ಅರ್ಧ ಲೀಟರಿನ ಪೊಟ್ಟಣವನ್ನು ಅರ್ಧ ಕಿಲೋ ಎಂದು ಭಾವಿಸಿ 90 ಗ್ರಾಂ ಕಾಸ್ಟಿಕ್ ಸೋಡ ಹಾಕಿದರೆ ಸುಮಾರು 6 ಗ್ರಾಂ ಕ್ಷಾರ ಹೆಚ್ಚಾಗಿ ಬಿಲ್ಲೆಯಲ್ಲಿ ಉಳಿದುಬಿಡುತ್ತದೆ. ಒಂದೆರಡು ಗ್ರಾಂ ವ್ಯತ್ಯಾಸವನ್ನು ತೋರಿಸುವ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಬಚ್ಚಲಿನ ಕೊಳವೆ ಕಟ್ಟಿಕೊಂಡಾಗ ಹಾಕುವ ಪುಡಿಗಳಲ್ಲಿ ಬೇರೆ ವಸ್ತುಗಳೂ ಬೆರೆತಿರುವುದರಿಂದ ಅವು ಸಾಬೂನಿಗೆ ಸಲ್ಲವು. ರಾಸಾಯನಿಕಗಳ ಅಂಗಡಿಯಲ್ಲಿ ಸಿಗುವ ಶುದ್ಧ ಕಾಸ್ಟಿಕ್ ಸೋಡವನ್ನೇ ತರಬೇಕು.

ಮೊದಲು ನೀರನ್ನು ಪಾತ್ರೆಗೆ ಹಾಕಿ, ಅದಕ್ಕೆ ಕಾಸ್ಟಿಕ್ ಸೋಡವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಕಲಕಬೇಕು. ಕಾಸ್ಟಿಕ್ ಸೋಡದ ಮೇಲೆ ನೀರು ಸುರಿಯಕೂಡದು. ಸುರಿದರೆ ದ್ರಾವಣ ಒಮ್ಮೆಲೇ ಕುದಿದು ಸಿಡಿಯುತ್ತದೆ. ಒಲೆಯ ಮೇಲಿಡದೆಯೂ ಈ ದ್ರಾವಣ ಕೈ ತಾಗಿಸಲಾಗದಷ್ಟು ಬಿಸಿಯಾಗಿ, ಗಂಟಲು ಕೆರೆಯುವ ಆವಿ ಬಿಡುತ್ತದೆ. ಆದ್ದರಿಂದ ಕಿಟಕಿಯ ಬಳಿ ಅಥವಾ ಹಿತ್ತಿಲಿನಲ್ಲಿ ಮಾಡುವುದು ಮೇಲು. ದ್ರಾವಣ ಮತ್ತು ಎಣ್ಣೆ ಎರಡೂ ಉಗುರುಬೆಚ್ಚಗಾದ ಮೇಲೆ, ಅಂದರೆ ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ, ದ್ರಾವಣವನ್ನು ಎಣ್ಣೆಗೆ ಸಣ್ಣ ಧಾರೆಯಾಗಿ ಬಿಟ್ಟು ಒಂದೇ ಸಮನೆ ಕಲಕಬೇಕು. ಮಿಶ್ರಣ ದೋಸೆಹಿಟ್ಟಿನ ಹದಕ್ಕೆ ಬಂದು, ಸೌಟಿನಿಂದ ಬಿಟ್ಟ ಧಾರೆಯ ಗುರುತು ಮೇಲ್ಮೈಯಲ್ಲಿ ಕ್ಷಣಕಾಲ ನಿಂತರೆ ಅದನ್ನು ಅಚ್ಚಿಗೆ ಸುರಿಯಬಹುದು. ಕೈಯಲ್ಲಿ ಕಲಕಿದರೆ ಇದಕ್ಕೆ ಅರ್ಧ ಗಂಟೆಯೂ ಮೀರಬಹುದು. ವಿದ್ಯುತ್ ಕಡೆಗೋಲಿನಿಂದ ಕೆಲವೇ ನಿಮಿಷ. ಆ ಕಡೆಗೋಲನ್ನು ಮತ್ತೆ ಮಜ್ಜಿಗೆಗೆ ಬಳಸತಕ್ಕದ್ದಲ್ಲ.

ಹಾಲಿನ ಖಾಲಿ ಪೆಟ್ಟಿಗೆ, ಪ್ಲಾಸ್ಟಿಕ್ ಡಬ್ಬಿ ಯಾವುದಾದರೂ ಅಚ್ಚಾಗಬಹುದು. ಬರಿಯ ತೆಂಗಿನೆಣ್ಣೆಯ ಸಾಬೂನು ಬಹುಬೇಗ ಗಟ್ಟಿಯಾಗುವುದರಿಂದ ಅದೇ ದಿನ ತುಂಡರಿಸಬೇಕು. ಮರುದಿನಕ್ಕೆ ಬಿಟ್ಟರೆ ಚಾಕುವಿಗೆ ಒಡೆದು ಚೂರಾಗುತ್ತದೆ. ಹೊಂಗೆ ಬೆರೆತದ್ದು ಒಂದೆರಡು ದಿನ ತೆಗೆದುಕೊಳ್ಳುತ್ತದೆ. ತುಂಡರಿಸಿದ ಬಿಲ್ಲೆಗಳನ್ನು ನೆರಳಿನಲ್ಲಿ, ಗಾಳಿಯಾಡುವ ಹಲಗೆಯ ಮೇಲೆ ನಾಲ್ಕು ವಾರ ಒಣಗಲು ಬಿಡಬೇಕು. ಈ ಅವಧಿಯಲ್ಲಿ ಉಳಿದ ಕ್ರಿಯೆ ಮುಗಿದು, ನೀರಿನಂಶ ಆರಿ, ಬಿಲ್ಲೆ ಗಟ್ಟಿಯಾಗುತ್ತದೆ. ಹಸಿ ಬಿಲ್ಲೆ ನೀರಿನಲ್ಲಿ ಬೇಗ ಕರಗಿ ಖರ್ಚಾಗುತ್ತದೆ.

ಸಾಬೂನು ಹದವಾಗಿದೆಯೇ ಎಂದು ಅರಿಸಿನದಿಂದ ಪರೀಕ್ಷಿಸಬಹುದೆಂಬ ನಂಬಿಕೆಯುಂಟು. ಅರಿಸಿನವು ಕ್ಷಾರದಲ್ಲಿ ಕೆಂಪಾಗುತ್ತದೆ ಎಂಬುದು ನಿಜ. ಆರತಿಗೆ ಅರಿಸಿನ, ಸುಣ್ಣ ಬೆರೆಸಿ ಓಕುಳಿ ಮಾಡುವುದು, ಸಾರಿನ ಕಲೆಗೆ ಸೋಪು ಹಚ್ಚಿದೊಡನೆ ಅದು ಕೆಂಪಾಗುವುದು ಈ ಕಾರಣದಿಂದಲೇ. ಆದರೆ ಸರಿಯಾಗಿ ತಯಾರಾದ ಸಾಬೂನು ಕೂಡ ಸ್ವಭಾವತಃ ಕ್ಷಾರಗುಣದ್ದು. ಅರಿಸಿನ ಅದರಲ್ಲೂ ಕೆಂಪಾಗುತ್ತದೆ. ಒಳ್ಳೆಯ ಸಾಬೂನನ್ನೂ ಸುಡುವ ಸಾಬೂನನ್ನೂ ಬೇರ್ಪಡಿಸಿ ಹೇಳುವ ಶಕ್ತಿ ಅರಿಸಿನಕ್ಕಿಲ್ಲ. ನಾಲಿಗೆಗೆ ತಾಗಿಸಿ ನೋಡುವ ಪದ್ಧತಿಯಂತೂ ಅಪಾಯಕಾರಿ. ತೂಕ ಸರಿಯಿದ್ದರೆ ಸಾಬೂನೂ ಸರಿಯಿರುತ್ತದೆ. ತೂಕದಲ್ಲಿ ಸಂಶಯವಿದ್ದರೆ ಆ ಬಿಲ್ಲೆಯನ್ನು ಮೈಗೆ, ಕೈಬಟ್ಟೆಗೆ ತಾಗಿಸದಿರುವುದೇ ಕ್ಷೇಮ.

ಎಚ್ಚರಿಕೆಗಳು

ಕಾಸ್ಟಿಕ್ ಸೋಡ ಚರ್ಮವನ್ನು ಸುಡುತ್ತದೆ; ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಆಮ್ಲಕ್ಕಿಂತಲೂ ಕ್ಷಾರ ಕಣ್ಣಿನೊಳಗೆ ಆಳಕ್ಕೆ ಇಳಿಯುತ್ತದೆ. ರಬ್ಬರ್ ಕೈಗವಸು, ಕಣ್ಣನ್ನು ಸುತ್ತಲೂ ಮುಚ್ಚುವ ಕನ್ನಡಕ, ತುಂಬುತೋಳಿನ ಬಟ್ಟೆ ಧರಿಸದೆ ಇದನ್ನು ಮುಟ್ಟಬಾರದು. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿನ್ನುತ್ತದೆ, ಜೊತೆಗೆ ಹೊತ್ತಿಕೊಳ್ಳುವ ಜಲಜನಕ ಅನಿಲ ಹೊರಬರುತ್ತದೆ. ಸ್ಟೀಲ್ ಪಾತ್ರೆ ಅಥವಾ ದಪ್ಪ ಪ್ಲಾಸ್ಟಿಕ್ ಬಕೆಟ್ಟನ್ನು ಈ ಕೆಲಸಕ್ಕೆಂದೇ ಮೀಸಲಿಡಬೇಕು.

ಚರ್ಮಕ್ಕೆ ಅಥವಾ ಕಣ್ಣಿಗೆ ತಗುಲಿದರೆ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯುತ್ತಲೇ ಇರಬೇಕು. ಹುಣಸೆ ನೀರು, ನಿಂಬೆರಸ, ವಿನೆಗರ್ ಹಾಕಿ ‘ಸರಿದೂಗಿಸಲು’ ಹೋಗಬಾರದು. ಕಣ್ಣಿಗಾದರೆ ತೊಳೆದ ಕೂಡಲೇ ಕಣ್ಣಾಸ್ಪತ್ರೆಗೆ ಹೋಗಬೇಕು. ಬೆಂಗಳೂರಿನ ಚಾಮರಾಜಪೇಟೆಯ ಬಳಿಯ ಮಿಂಟೋ ಆಸ್ಪತ್ರೆ ಸರ್ಕಾರಿ ಕಣ್ಣಾಸ್ಪತ್ರೆಯಾಗಿದೆ. ಮಕ್ಕಳು ನುಂಗಿದ ಪಕ್ಷದಲ್ಲಿ ವಾಂತಿ ಮಾಡಿಸಕೂಡದು, ಏಕೆಂದರೆ ಮೇಲೆ ಬರುವಾಗ ಅದು ಅನ್ನನಾಳವನ್ನು ಎರಡನೆಯ ಸಲ ಸುಡುತ್ತದೆ. ಕಲ್ಲುಸಕ್ಕರೆಯಂತೆ, ಉಪ್ಪಿನಂತೆ ಕಾಣುವ ಈ ವಸ್ತುವನ್ನು ಅಡುಗೆಮನೆಯ ಡಬ್ಬಿಯಲ್ಲಿ ತುಂಬಿಡುವುದು ಮನೆತಯಾರಿಕೆಯಲ್ಲಿ ಅತ್ಯಂತ ದೊಡ್ಡ ಅಪಾಯ. ಚೆನ್ನಾಗಿ ಮುಚ್ಚಿ, ಹೆಸರು ಬರೆದು, ಮಕ್ಕಳ ಕೈಗೆಟುಕದ ಕಡೆ ಬೀಗ ಹಾಕಿಡಬೇಕು.

ನೀರಿನ ಗಡಸುತನ

ಸಾಬೂನು ಮತ್ತು ಕಾರ್ಖಾನೆಯ ಮಾರ್ಜಕದ ನಡುವಣ ಮುಖ್ಯ ವ್ಯತ್ಯಾಸ ಬಯಲಾಗುವುದು ಗಡಸು ನೀರಿನಲ್ಲಿ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಇವು ಸಾಬೂನಿನೊಡನೆ ಕೂಡಿ ಕರಗದ ಬೂದುಬಣ್ಣದ ಜಿಗುಟನ್ನು ಉಂಟುಮಾಡುತ್ತವೆ. ಬಕೆಟ್ಟಿನ ಅಂಚಿಗೆ ಕಟ್ಟುವ ಪಟ್ಟೆ, ಬಿಳಿ ಬನಿಯನ್ನು ಕ್ರಮೇಣ ಮಂಕಾಗುವುದು, ಟವೆಲ್ಲು ಹಪ್ಪಳದಂತೆ ಬಿರುಸಾಗುವುದು ಇದರ ಫಲ. ಲವಣವೆಲ್ಲ ಮುಗಿಯುವವರೆಗೆ ಸಾಬೂನು ನೊರೆ ಬಿಡುವುದಿಲ್ಲ.

ಇದರ ಪ್ರಮಾಣವನ್ನು ಲೆಕ್ಕಹಾಕಿ ನೋಡಬಹುದು. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿನ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿಯೆಂದೂ, ಬೇರೆ ನೀರಿಲ್ಲದಿದ್ದಲ್ಲಿ 600 ಮಿಲಿಗ್ರಾಂವರೆಗೆ ಸಹ್ಯವೆಂದೂ ನಿಗದಿಪಡಿಸಿದೆ. 400 ಮಿಲಿಗ್ರಾಂ ಗಡಸುತನದ ನೀರು ಪ್ರತಿ ಲೀಟರಿಗೆ ಸುಮಾರು 2 ಗ್ರಾಂ ಸಾಬೂನನ್ನು ನುಂಗುತ್ತದೆ. 15 ಲೀಟರಿನ ಒಂದು ಬಕೆಟ್ಟಿನಲ್ಲಿ ಸುಮಾರು 30 ಗ್ರಾಂ ಸಾಬೂನು ಒಂದು ಚೂರು ಕೊಳೆಯನ್ನೂ ತೆಗೆಯದೆ ವ್ಯರ್ಥವಾಗುತ್ತದೆ. ಅದೇ ಬಕೆಟ್ಟಿನಲ್ಲಿ 50 ಮಿಲಿಗ್ರಾಂ ಗಡಸುತನದ ನೀರಿದ್ದರೆ ನಷ್ಟ 4 ಗ್ರಾಂ ಮಾತ್ರ. ಒಂದೇ ಪಾಕದ ಸಾಬೂನನ್ನು ಒಬ್ಬರು ಹೊಗಳಿ ಇನ್ನೊಬ್ಬರು ತೆಗಳುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಬೆಂಗಳೂರಿನಲ್ಲಿ ಈ ವ್ಯತ್ಯಾಸ ಒಂದೇ ಮನೆಯೊಳಗೆ ಕಾಣಸಿಗುತ್ತದೆ. ನಗರಕ್ಕೆ 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಿಂದ ಕಾವೇರಿಯಿಂದ ನೀರು ಬರತೊಡಗಿತು. ಇವೆಲ್ಲ ನೆಲದ ಮೇಲಣ ನೀರು. ಬಂಡೆಯ ಸಂದುಗಳಿಂದ ಮೇಲೆತ್ತುವ ಕೊಳವೆಬಾವಿಯ ನೀರು ಅದಕ್ಕಿಂತ ಸಾಮಾನ್ಯವಾಗಿ ಗಡಸು. ತ್ಯಾಗರಾಜನಗರ, ಬಸವನಗುಡಿ, ಚಾಮರಾಜಪೇಟೆಯಂತಹ ಹಳೆಯ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಕಾವೇರಿ ನೀರು ಸಂಪಿಗೂ ಬೋರ್ ನೀರು ಮೇಲಿನ ತೊಟ್ಟಿಗೂ ಬರುತ್ತದೆ. ಕುಡಿಯಲು, ಅಡುಗೆಗೆ ಕಾವೇರಿ, ಬಟ್ಟೆಗೆ ಬೋರ್ ನೀರು ಎಂಬುದು ಮನೆಗಳ ಸಹಜ ಹಂಚಿಕೆ. ಸಾಬೂನಿನ ದೃಷ್ಟಿಯಿಂದ ಇದು ತಲೆಕೆಳಗಾದ ಹಂಚಿಕೆ. ಮನೆಸಾಬೂನು ಬಳಸುವವರು ನೆನೆಸಿ ತಿಕ್ಕುವುದಕ್ಕಾದರೂ ಮೆದುನೀರನ್ನು ಇಟ್ಟುಕೊಂಡು, ಬೋರ್ ನೀರನ್ನು ಬೇರೆ ಕೆಲಸಗಳಿಗೆ ಬಳಸುವುದು ಉಚಿತ.

ಮೆದುನೀರುಗಳಲ್ಲೆಲ್ಲ ಮಳೆನೀರು ಶ್ರೇಷ್ಠ. ಹಳೆಯ ಹೆಂಚಿನ ಮನೆಗಳಲ್ಲಿ ಸೂರಿನ ಕೆಳಗೆ ಹಂಡೆ, ಕೊಳಗಗಳನ್ನಿಟ್ಟು ಮಳೆನೀರು ಹಿಡಿದು ಬಟ್ಟೆ ನೆನೆಸುತ್ತಿದ್ದುದು ಸುಮ್ಮನೆ ಅಲ್ಲ. ಬೆಂಗಳೂರಿನಲ್ಲಿ 2009ರಿಂದ ನಿಗದಿತ ವಿಸ್ತೀರ್ಣದ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ಸಂಗ್ರಹಿಸಿದ ಆ ನೀರಿಗೆ ಬಟ್ಟೆ ಒಗೆಯುವುದಕ್ಕಿಂತ ತಕ್ಕ ಉಪಯೋಗ ಕಡಿಮೆ.

ಗಡಸು ನೀರೇ ಗತಿಯೆಂದಾದರೆ ಬಟ್ಟೆ ಸೋಡ ನೆರವಿಗೆ ಬರುತ್ತದೆ. ಅದು ಕ್ಯಾಲ್ಸಿಯಂ ಲವಣವನ್ನು ಸುಣ್ಣದ ಪುಡಿಯಾಗಿ ಕೆಳಗಿಳಿಸಿ, ಸಾಬೂನನ್ನು ಉಳಿಸುತ್ತದೆ. ಮೇಲೆ ಹೇಳಿದ 400 ಮಿಲಿಗ್ರಾಂ ನೀರಿನ ಒಂದು ಬಕೆಟ್ಟಿಗೆ ಹರಳು ರೂಪದ ಬಟ್ಟೆ ಸೋಡ ಸುಮಾರು 17 ಗ್ರಾಂ, ಅಥವಾ ನೀರಿನಂಶವಿಲ್ಲದ ಪುಡಿ ಸುಮಾರು 6 ಗ್ರಾಂ ಬೇಕಾಗುತ್ತದೆ. ಸೋಡವನ್ನು ಮೊದಲು ಹಾಕಿ, ಹತ್ತು ನಿಮಿಷ ಬಿಟ್ಟು, ಆಮೇಲೆ ಸಾಬೂನು ಹಾಕಬೇಕು. ಚೆನ್ನಾಗಿ ಒಣಗಿದ ಬಿಲ್ಲೆಯನ್ನು ತುರಿದು, ಎರಡು ಪಾಲು ತುರಿಗೆ ಒಂದು ಪಾಲು ಬಟ್ಟೆ ಸೋಡ ಬೆರೆಸಿಟ್ಟರೆ ಅದೇ ಮನೆಯ ಸೋಪಿನ ಪುಡಿ. ಅಡುಗೆ ಸೋಡ ಇದಕ್ಕೆ ಬದಲಿಯಲ್ಲ. ಅದರ ಕ್ಷಾರಗುಣ ಬಹಳ ಕಡಿಮೆ. ಕೆಲವು ವಿದೇಶಿ ಪಾಕಗಳಲ್ಲಿ ಬಿಳಿಗಾರವನ್ನು ಸೇರಿಸಲು ಹೇಳಲಾಗುತ್ತದೆ. ಯುರೋಪಿನ ಒಕ್ಕೂಟ ಅದನ್ನು ಸಂತಾನಶಕ್ತಿಗೆ ಹಾನಿಕರವಾದ ವಸ್ತುಗಳ ವರ್ಗಕ್ಕೆ ಸೇರಿಸಿದ್ದು, ಮಕ್ಕಳಿರುವ ಮನೆಯಲ್ಲಿ ಅದನ್ನು ಬಿಡುವುದು ಲೇಸು.

ಅಂಟುವಾಳ ಮತ್ತು ಸೀಗೆಕಾಯಿ

ಕಾಸ್ಟಿಕ್ ಸೋಡದ ಗೊಡವೆ ಬೇಡವೆನ್ನುವವರಿಗೆ ಅಂಟುವಾಳ ಉಳಿದಿದೆ. ಗ್ರಂಧಿಗೆ ಅಂಗಡಿಗಳಲ್ಲಿ ಇದು ಸೀಗೆಕಾಯಿಯ ಪಕ್ಕದಲ್ಲೇ ದೊರೆಯುತ್ತದೆ. ಇದರ ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ವಸ್ತು ನೀರಿನಲ್ಲಿ ನೊರೆ ಬರಿಸಿ ಕೊಳೆ ಸಡಿಲಿಸುತ್ತದೆ. ಗಡಸು ನೀರಿನಲ್ಲಿ ಸಾಬೂನಿನಷ್ಟು ಜಿಗುಟು ಕಟ್ಟುವುದಿಲ್ಲ. ಹತ್ತು ಹನ್ನೆರಡು ಕಾಯಿಗಳನ್ನು ಜಜ್ಜಿ, ಬೀಜ ತೆಗೆದು, ಒಂದು ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಬೆಳಗ್ಗೆ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿದರೆ ಕಷಾಯ ಸಿದ್ಧ. ಹೊರಗಿಟ್ಟರೆ ಎರಡು ಮೂರು ದಿನಗಳಲ್ಲಿ ಹುಳಿಯುತ್ತದೆ, ಆಗಾಗ್ಗೆ ಮಾಡಿಕೊಳ್ಳಬೇಕು.

ರೇಷ್ಮೆ ಸೀರೆಗೆ ಇದೇ ಸರಿಯಾದ ಪದಾರ್ಥ. ರೇಷ್ಮೆ ಮತ್ತು ಉಣ್ಣೆ ಪ್ರೋಟೀನಿನ ಎಳೆಗಳಾದ್ದರಿಂದ ಕ್ಷಾರ ಅವುಗಳನ್ನು ತಿನ್ನುತ್ತದೆ, ಹೊಳಪು ಕೆಡಿಸುತ್ತದೆ. ಮನೆಯಲ್ಲಿ ಮಾಡಿದ ಬಟ್ಟೆ ಸಾಬೂನನ್ನಾಗಲಿ ಬಟ್ಟೆ ಸೋಡವನ್ನಾಗಲಿ ಮೈಸೂರು ರೇಷ್ಮೆಯ ಹತ್ತಿರ ಸುಳಿಯಗೊಡಬಾರದು. ಅಂಟುವಾಳದ ನೀರಿನಲ್ಲಿ ಮೃದುವಾಗಿ ಅದ್ದಿ, ಹಿಂಡದೆ, ನೆರಳಿನಲ್ಲಿ ಹರವುವುದು ಕ್ರಮ. ಹತ್ತಿಯ ಬಿಳಿ ಬಟ್ಟೆಗೆ ಅಂಟುವಾಳದಿಂದ ತುಸು ಕಂದು ಛಾಯೆ ಬರಬಹುದು. ಕಪ್ಪಗಾದ ಕಾಲರು, ಎಣ್ಣೆಯ ಕಲೆಗಳನ್ನು ಅದು ಪೂರ್ತಿ ತೆಗೆಯುವುದೂ ಇಲ್ಲ. ಗಿಡದಿಂದ ಬಂದದ್ದೆಲ್ಲ ನಿರಪಾಯವೆಂಬ ಭಾವನೆಯೂ ಸರಿಯಲ್ಲ. ಸಪೋನಿನ್ ಕಣ್ಣನ್ನು ಉರಿಸುತ್ತದೆ, ಮೀನುಗಳಿಗೆ ವಿಷ. ಸಪೋನಿನ್ ಇರುವ ಕಾಯಿ, ಬೇರುಗಳನ್ನು ಮಡುವಿಗೆ ಹಾಕಿ ಮೀನು ಹಿಡಿಯುವ ಪದ್ಧತಿ ಹಲವು ಕಡೆ ಇತ್ತು.

ಪ್ರಚಲಿತ ಪಾಕಗಳ ದೋಷಗಳು

ಹಣ್ಣಿನ ಸಿಪ್ಪೆ, ಬೆಲ್ಲ ಮತ್ತು ನೀರನ್ನು 3:1:10ರ ಪ್ರಮಾಣದಲ್ಲಿ ಮೂರು ತಿಂಗಳು ಹುಳಿಹಾಕಿ ತೆಗೆಯುವ ‘ಬಯೋಎಂಜೈಮ್’ ದ್ರವ ಬೆಂಗಳೂರಿನ ಮನೆಗಳಲ್ಲಿ ಜನಪ್ರಿಯವಾಗಿದೆ. ನೆಲ ಒರೆಸಲು, ಗಾಜು ತೊಳೆಯಲು ಅದು ಉಪಯುಕ್ತ. ಆದರೆ ಅದು ಆಮ್ಲ. ಸಾಬೂನಿಗೆ ಆಮ್ಲ ಬೆರೆಸಿದರೆ ಸಾಬೂನು ಮುರಿದು ಮತ್ತೆ ಮೇದಾಮ್ಲವಾಗುತ್ತದೆ. ಬಟ್ಟೆಯ ಮೇಲೆ ಜಿಡ್ಡು ಕೂರುತ್ತದೆ. ಮನೆಸಾಬೂನಿಗೆ ವಿನೆಗರ್, ನಿಂಬೆರಸ ಅಥವಾ ಬಯೋಎಂಜೈಮ್ ಬೆರೆಸಲು ಹೇಳುವ ಪಾಕಗಳು ತಾವೇ ಮಾಡಿದ ಸಾಬೂನನ್ನು ತಾವೇ ಕೆಡಿಸುತ್ತವೆ. ಅಡುಗೆ ಸೋಡ ಮತ್ತು ವಿನೆಗರ್ ಬೆರೆತಾಗ ಏಳುವ ಗುಳ್ಳೆಗಳು ನೋಡಲು ಚೆಂದ, ಆದರೆ ಅವು ಅಡಗಿದಾಗ ಉಳಿಯುವುದು ಬರಿಯ ಉಪ್ಪಿನ ನೀರು. ಒಗೆದ ಬಟ್ಟೆಯನ್ನು ಕೊನೆಯ ಜಾಲಿಸುವ ನೀರಿನಲ್ಲಿ ಒಂದು ಚಮಚ ವಿನೆಗರ್ ಹಾಕಿ ಅದ್ದಿದರೆ ಮಾತ್ರ ಉಳಿದ ಕ್ಷಾರ ಹೋಗಿ ಪ್ರಯೋಜನವಾಗುತ್ತದೆ.

ಸ್ವಸಹಾಯ ಸಂಘಗಳ ತರಬೇತಿಗಳಲ್ಲಿ ಕಲಿಸುವ ಪುಡಿ ಸಾಮಾನ್ಯವಾಗಿ ಆಸಿಡ್ ಸ್ಲರಿಯಿಂದ ಮಾಡಿದ ಮಾರ್ಜಕ. ಗುಜರಾತಿನ ಕರ್ಸನ್‌ಭಾಯಿ ಪಟೇಲ್ 1969ರಲ್ಲಿ ಮನೆಯಲ್ಲೇ ಆರಂಭಿಸಿದ ನಿರ್ಮಾ ಪುಡಿಯೂ ಈ ವರ್ಗದ್ದೇ. ಇದು ಮನೆಯಲ್ಲಿ ಆಗಬಹುದಾದ ಜೀವನೋಪಾಯ, ಗಡಸು ನೀರಿನಲ್ಲೂ ಒಗೆಯುತ್ತದೆ. ಆದರೆ ಇದನ್ನು ‘ನೈಸರ್ಗಿಕ ಸಾಬೂನು’ ಎಂದು ಹೆಸರಿಸಿ ಮಾರುವುದು ತಪ್ಪು. ಆಸಿಡ್ ಸ್ಲರಿಯೂ ಚರ್ಮ ಸುಡುವ ಪ್ರಬಲ ಆಮ್ಲವೇ.

ಒಗೆಯುವ ಯಂತ್ರದಲ್ಲಿ ನಿಜವಾದ ಸಾಬೂನಿನ ಜಿಗುಟು ಕೊಳವೆ ಮತ್ತು ರಬ್ಬರಿಗೆ ಮೆತ್ತಿಕೊಳ್ಳುತ್ತದೆ. ಗಡಸು ನೀರಿನ ಮನೆಗಳಲ್ಲಿ ಮನೆಸಾಬೂನನ್ನು ಕೈ ಒಗೆತಕ್ಕೆ ಸೀಮಿತಗೊಳಿಸುವುದು ಯಂತ್ರದ ಆಯುಷ್ಯಕ್ಕೆ ಒಳ್ಳೆಯದು.

ಒಗೆದ ನೀರಿನ ಗತಿ

ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳು ಮಾರ್ಜಕ ಬೆರೆತ ಕೊಳಚೆ ನೀರಿನ ನೊರೆಯಿಂದ ಕುಖ್ಯಾತವಾದವು. ನೊರೆ ಗಾಳಿಗೆ ಹಾರಿ ರಸ್ತೆಗೆ ಬೀಳುತ್ತಿತ್ತು. ಮಾರ್ಜಕಗಳಲ್ಲಿನ ಫಾಸ್ಫೇಟ್ ಕೆರೆಯಲ್ಲಿ ಕಳೆಯನ್ನು ಕೊಬ್ಬಿಸುತ್ತದೆ. ನಿಜವಾದ ಸಾಬೂನಿನಲ್ಲಿ ಫಾಸ್ಫೇಟ್ ಇಲ್ಲ. ಸೂಕ್ಷ್ಮಜೀವಿಗಳು ಅದನ್ನು ಬೇಗ ಜೀರ್ಣಿಸಿಕೊಳ್ಳುತ್ತವೆ. ಆದರೂ ಜೀರ್ಣಿಸಿಕೊಳ್ಳಲು ನೀರಿನ ಆಮ್ಲಜನಕ ಖರ್ಚಾಗುತ್ತದೆಂಬುದನ್ನು ಮರೆಯಲಾಗದು. ಬಸವನಗುಡಿಯ ದೊಡ್ಡ ಬಸವಣ್ಣನ ಬಳಿ ಹುಟ್ಟುತ್ತದೆಂದು ಪ್ರತೀತಿಯಿರುವ ವೃಷಭಾವತಿ ಇಂದು ಮೈಸೂರು ರಸ್ತೆಯ ಪಕ್ಕದಲ್ಲಿ ಕೊಳಚೆಯಾಗಿ ಹರಿದು, ಬೈರಮಂಗಲ ಕೆರೆಯನ್ನು ಹಾದು ಅರ್ಕಾವತಿಯನ್ನೂ, ಅದರ ಮೂಲಕ ಸಂಗಮದಲ್ಲಿ ಕಾವೇರಿಯನ್ನೂ ಸೇರುತ್ತದೆ. ಕಾವೇರಿಯಿಂದ ಮೇಲೆತ್ತಿ ತಂದ ನೀರಿನ ಒಂದು ಪಾಲು ಬಚ್ಚಲ ಮೋರಿಯ ದಾರಿಯಿಂದ ಹೀಗೆ ಕಾವೇರಿಗೇ ಮರಳುತ್ತದೆ.

ಒಗೆದ ನೀರನ್ನು ಗಿಡಗಳಿಗೆ ಹಾಯಿಸಬಹುದೇ ಎಂಬ ಪ್ರಶ್ನೆ ಸಾಮಾನ್ಯ. ಹಿತ್ತಿಲಿದ್ದ ಮನೆಗಳಲ್ಲಿ ಬಚ್ಚಲ ನೀರು ಹೋಗುವ ಕಡೆ ಬಾಳೆ, ಕೆಸು ನೆಡುವ ಪದ್ಧತಿಯಿತ್ತು. ಸೀಗೆ, ಅಂಟುವಾಳ, ಬೂದಿಯ ಕಾಲಕ್ಕೆ ಅದು ಹೊಂದುತ್ತಿತ್ತು. ಬೂದಿಯ ಕ್ಷಾರದಲ್ಲಿನ ಪೊಟ್ಯಾಸಿಯಂ ಬಾಳೆಗೆ ಪೋಷಕವೂ ಹೌದು. ಗಟ್ಟಿ ಸಾಬೂನು ಮತ್ತು ಬಟ್ಟೆ ಸೋಡದಲ್ಲಿರುವುದು ಸೋಡಿಯಂ. ಅದು ದಿನದಿಂದ ದಿನಕ್ಕೆ ಮಣ್ಣಿನಲ್ಲಿ ಸೇರಿ ಮಣ್ಣನ್ನು ಬಿಗಿಸುತ್ತದೆ, ಕೊನೆಗೆ ಹಿತ್ತಿಲೇ ಚೌಳಾಗುತ್ತದೆ. ಸಾಬೂನು ತುಂಬಿದ ಮೊದಲ ನೀರನ್ನು ಮೋರಿಗೆ ಬಿಟ್ಟು, ಜಾಲಿಸಿದ ಕೊನೆಯ ನೀರನ್ನು ಮಾತ್ರ, ಅದೂ ಕುಂಡಗಳಿಗಲ್ಲದೆ ನೆಲದಲ್ಲಿ ಬೇರೂರಿದ ಮರಗಿಡಗಳಿಗೆ, ಜಾಗ ಬದಲಿಸುತ್ತ ಹಾಯಿಸುವುದು ಸೂಕ್ತ.